ಸಲಹೆ ಯಾರದು, ಆಜ್ಞೆ ಯಾರದು?

ಕಾಗವಾಡ, ಅಥಣಿ ಕಡೆಯ ಜನ ಚಿಕಿತ್ಸೆಗೆ ಮಿರಜಕ್ಕೆ ಹೋಗುವುದು ಹೊಸತೇನಲ್ಲ. ಅಲ್ಲಿ ಡಾ. ವಾನ್ಲೆಸ್ ಮಿಷನ್ ಆಸ್ಪತ್ರೆ ಆರಂಭಿಸಿದ್ದು 1894ರಲ್ಲಿ. ಕೊರೊನಾ ಕಾಲದಲ್ಲಿ ಅದೇ ದಾರಿಗೆ ಚೆಕ್‌ಪೋಸ್ಟ್ ಅಡ್ಡ ಬಂತು. ನಿಪ್ಪಾಣಿ ಬಳಿಯ ಕೊಗನೊಳ್ಳಿಯಲ್ಲೂ ಅದೇ ಕಥೆ. ಇಂಥ ನಿರ್ಬಂಧಗಳನ್ನು ನಿರ್ಧರಿಸುವವರು ಯಾರು?

ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು ಹಬ್ಬತೊಡಗಿದಾಗ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಇದ್ದದ್ದು ನಾಲ್ಕೇ ಕಲಮುಗಳು. ಆಜ್ಞೆಗೆ ಅಧಿಕಾರವಿತ್ತು, ಮೀರಿದವರಿಗೆ ಶಿಕ್ಷೆಯಿತ್ತು, ಅಧಿಕಾರಿಗಳಿಗೆ ರಕ್ಷಣೆಯಿತ್ತು. ತಜ್ಞರನ್ನು ಕೇಳಬೇಕೆಂಬ ಮಾತೇ ಇರಲಿಲ್ಲ. ಪುಣೆಯಲ್ಲಿ ಸೈನಿಕರು ಮನೆ ಹೊಕ್ಕು ಶೋಧಿಸಿದರು. ಜನ ಕೆರಳಿದರು. ಆ ಜೂನ್ 22ರಂದು ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡ್ ಗುಂಡೇಟಿಗೆ ಗುರಿಯಾದ. ಚಿಕ್ಕೋಡಿ, ಅಥಣಿ ಬ್ರಿಟಿಷರ ಆಡಳಿತದಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ರೋಗಕ್ಕೆ ಗಡಿ ಇರಲಿಲ್ಲ, ಕಾಯ್ದೆಗಿತ್ತು.

ಸ್ವಾತಂತ್ರ್ಯಾನಂತರ ಸಂವಿಧಾನದ 263ನೇ ವಿಧಿಯಂತೆ 1952ರಲ್ಲಿ ಕೇಂದ್ರ ಆರೋಗ್ಯ ಮಂಡಳಿ ರಚನೆಯಾಯಿತು. ರಾಜ್ಯಗಳ ಆರೋಗ್ಯ ಮಂತ್ರಿಗಳು ಕೂಡಿ ಕುಳಿತರೂ ಅದರ ಕೆಲಸ ಶಿಫಾರಸು ಮಾತ್ರ. ಕೊರೊನಾ ಕಾಲದಲ್ಲಿ ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ತಾಂತ್ರಿಕ ಸಲಹಾ ಸಮಿತಿಯದೂ ಅದೇ ಸ್ಥಾನ: ಸಲಹೆ ಸಮಿತಿಯದು, ನಿರ್ಧಾರ ಸರ್ಕಾರದ್ದು.

ಈ ವಿಂಗಡಣೆ ಸರಿಯೇ. ಜನರಿಗೆ ಉತ್ತರ ಹೇಳಬೇಕಾದವರು ಚುನಾಯಿತರು. ಆದರೆ ತಜ್ಞರು ಹೇಳಿದ್ದೇನು, ಸರ್ಕಾರ ಒಪ್ಪಿದ್ದೇನು, ಬಿಟ್ಟಿದ್ದೇಕೆ ಎಂಬುದು ಬರಹದಲ್ಲಿ ಜನರ ಮುಂದಿರಬೇಕು. ರೋಗಿಯೊಡನೆ ಗಡಿಯಲ್ಲಿ ತಡೆದು ನಿಲ್ಲಿಸಲ್ಪಟ್ಟವನಿಗೆ ಕಾರಣ ತಿಳಿಯುವ ಹಕ್ಕಾದರೂ ಇರಬೇಡವೆ?