ಪತ್ತನಾಜೆಯಿಂದ ಪತ್ತಾಮುದಯದವರೆಗೆ: ನಮ್ಮೂರ ಮಳೆಯ ಚರಿತ್ರೆ

ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯಲ್ಲಿ ಋತುಗಳ ಪಾಠ ಮಾಡುವುದು ಹೇಳುವಷ್ಟು ಸುಲಭವಲ್ಲ. ಪುಸ್ತಕದಲ್ಲಿ ಇಡವಪ್ಪಾದಿ, ತುಲಾವರ್ಷ ಎಂದಿರುತ್ತದೆ. ಮನೆಯಲ್ಲಿ ಅಜ್ಜಿ ಆಟಿ, ಸೋಣ ಎನ್ನುತ್ತಾರೆ. ತೋಟದ ಯಜಮಾನರು ಆರಿದ್ರ ಮಳೆ, ಪುಷ್ಯ ಮಳೆ ಎಂದು ಲೆಕ್ಕ ಹಾಕುತ್ತಾರೆ. ಟಿ.ವಿ.ಯಲ್ಲಿ ರೆಡ್ ಅಲರ್ಟ್! ಮಗು ಕೇಳುತ್ತದೆ, "ಸಾರ್, ಇವೆಲ್ಲ ಬೇರೆ ಬೇರೆ ಮಳೆಯಾ?" ಎಲ್ಲವೂ ಒಂದೇ ಮಳೆ. ಆದರೆ ಪ್ರತಿ ಹೆಸರಿನ ಹಿಂದೆ ಒಂದೊಂದು ಚರಿತ್ರೆ ಇದೆ.

ಮೊದಲು ಲೆಕ್ಕ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ರಾಯದುರ್ಗ, ಅದೋನಿ ಕಡೆಯ ಶಿಕ್ಷಕ ಮಿತ್ರರು ಇದನ್ನು ಓದುತ್ತಿದ್ದರೆ ನಂಬಲಿಕ್ಕಿಲ್ಲ. ಅವರಿಗೆ ಇಡೀ ವರ್ಷದಲ್ಲಿ ಬರುವುದಕ್ಕಿಂತ ಹೆಚ್ಚು ಮಳೆ ನಮಗೆ ಜುಲೈ ಒಂದೇ ತಿಂಗಳಲ್ಲಿ ಬರುತ್ತದೆ. ಕಾರಣ ಸರಳ. ನೈಋತ್ಯದಿಂದ ಬರುವ ಗಾಳಿ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ತರುತ್ತದೆ. ಎದುರಿಗೆ ಪಶ್ಚಿಮ ಘಟ್ಟ. ಮೇಲೇರಿದ ಗಾಳಿ ತಣಿದು ಇಲ್ಲೇ ಸುರಿದುಬಿಡುತ್ತದೆ. ಘಟ್ಟ ದಾಟುವಾಗ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಈ ಗಾಳಿಯನ್ನು ಲೋಕ ಬಹಳ ಹಿಂದೆಯೇ ಬಲ್ಲದು. ಮಾನ್ಸೂನ್ ಎಂಬ ಶಬ್ದ ಅರಬ್ಬಿಯ 'ಮೌಸಿಮ್'ನಿಂದ ಬಂದದ್ದು. ಋತು ಎಂದು ಅದರ ಅರ್ಥ. ಅರಬ್ ವರ್ತಕರು ಒಂದು ಗಾಳಿಯಲ್ಲಿ ಬಂದು ಇನ್ನೊಂದು ಗಾಳಿಯಲ್ಲಿ ಮರಳುತ್ತಿದ್ದರು. ಗಾಳಿಯನ್ನು ಲೆಕ್ಕಿಸದೆ ಹೊರಟವರ ಪಾಡು ಏನಾಗುತ್ತಿತ್ತು ಎಂಬುದಕ್ಕೆ ವಾಸ್ಕೋ ಡ ಗಾಮನೇ ಸಾಕ್ಷಿ. 1498ರ ಏಪ್ರಿಲ್ 24ರಂದು ಆಫ್ರಿಕಾದ ಮಾಲಿಂದಿ ಬಿಟ್ಟವನು, ದಾರಿ ಬಲ್ಲ ನಾವಿಕನ ನೆರವಿನಿಂದ ಮೇ 20ಕ್ಕೆ ಕಲ್ಲಿಕೋಟೆಯ ಹತ್ತಿರ ತಲುಪಿದ. ನಾಲ್ಕು ವಾರವೂ ಆಗಲಿಲ್ಲ. ಮರಳುವಾಗ ಆತುರ. ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲೇ, ಅಕ್ಟೋಬರ್ ಮೊದಲ ವಾರದಲ್ಲಿ, ಕಾರವಾರದ ಬಳಿಯ ಅಂಜದೀವ್ ದ್ವೀಪದಿಂದ ಹೊರಟುಬಿಟ್ಟ. ಆಫ್ರಿಕಾದ ಕರಾವಳಿ ಕಂಡದ್ದು 1499ರ ಜನವರಿ 2ರಂದು! ಸುಮಾರು ಮೂರು ತಿಂಗಳು ಕಡಲಿನಲ್ಲಿ ಅಲೆದು, ಒಸಡು ಕೊಳೆಯುವ ಸ್ಕರ್ವಿ ರೋಗದಿಂದ ಸುಮಾರು ಮೂವತ್ತು ಮಂದಿ ಸತ್ತರು. ಪರೀಕ್ಷೆಗೆ ಗಾಮ ಬಂದ ಇಸವಿಯನ್ನು ಮಾತ್ರ ಕೇಳುತ್ತಾರೆ. ಮರಳಿದ ಕಥೆಯೇ ಹೆಚ್ಚು ಪಾಠ ಹೇಳುತ್ತದೆ ಎಂದು ನನಗನಿಸುತ್ತದೆ.

ಪೋರ್ಚುಗೀಸರು ಕಾಳುಮೆಣಸಿನ ಬಳ್ಳಿ ಕೊಂಡೊಯ್ಯಲು ಕೇಳಿದಾಗ ಸಾಮೂದಿರಿ ನಕ್ಕು, ಬಳ್ಳಿ ಒಯ್ದರೂ ನಮ್ಮ ತಿರುವಾದಿರ ಞಾಟ್ಟುವೇಲವನ್ನು ಒಯ್ಯಲಾರರಲ್ಲ ಎಂದನಂತೆ. ಇದು ಜನ ಹೇಳುತ್ತಾ ಬಂದ ಕಥೆ, ದಾಖಲೆ ಕೇಳಬೇಡಿ. ಆದರೆ ಕಥೆಯೊಳಗಿನ ತಿಳಿವಳಿಕೆ ನಿಜ. ಮಲಯಾಳದ ಞಾಟ್ಟುವೇಲ ಎಂದರೆ ನಮ್ಮ ಮಳೆ ನಕ್ಷತ್ರವೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು-ಹದಿನಾಲ್ಕು ದಿನಗಳ ಲೆಕ್ಕ. ತಿರುವಾದಿರ ಎಂದರೆ ಆರಿದ್ರ, ಜೂನ್ 22ರ ಸುಮಾರಿಗೆ ಶುರು. ಬಳ್ಳಿ, ಗಿಡ ನೆಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ ಎಂದು ಎರಡೂ ಭಾಷೆಯ ರೈತರು ಒಪ್ಪುತ್ತಾರೆ.

ಇಂಥ ಹೊಂದಿಕೆ ಇನ್ನೂ ಇದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಮೇ 24-25ರ ಹೊತ್ತಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ಕೋಲ ನಿಲ್ಲುತ್ತದೆ. ಬೇಶವೇ ಮಲಯಾಳದ ಇಡವಂ ತಿಂಗಳು. ಇಡವದ ನಡುವೆ, ಅಂದರೆ ಪತ್ತನಾಜೆಯಾಗಿ ಐದಾರು ದಿನಕ್ಕೆ, ಇಡವಪ್ಪಾದಿ ಮಳೆ ಹಿಡಿಯಬೇಕು. ಹವಾಮಾನ ಇಲಾಖೆ ಕೇರಳಕ್ಕೆ ಇಟ್ಟಿರುವ ಸಾಮಾನ್ಯ ದಿನಾಂಕ ಜೂನ್ 1. ಮೂರೂ ಲೆಕ್ಕ ಒಂದೇ ವಾರದೊಳಗೆ! ಮಳೆಗಾಲ ಮುಗಿದು ತುಲಾಂ ತಿಂಗಳ ಹತ್ತಕ್ಕೆ, ಅಕ್ಟೋಬರ್ ಕೊನೆಯಲ್ಲಿ, ಪತ್ತಾಮುದಯ. ಆಗ ತೆಯ್ಯಂಗಳು ಮತ್ತೆ ಎದ್ದು ಬರುತ್ತವೆ. ದೈವಗಳಿಗೂ ಮಳೆಗಾಲದ ರಜೆ ಇದೆ, ನಮ್ಮ ಮಕ್ಕಳಿಗೆ ಮಾತ್ರ ಶಾಲೆ ತೆರೆಯುವುದೇ ಮಳೆಯೊಂದಿಗೆ. ರಜೆಯನ್ನು ಏಪ್ರಿಲ್-ಮೇಯಿಂದ ಜೂನ್-ಜುಲೈಗೆ ಬದಲಿಸಬಹುದೇ ಎಂಬ ಚರ್ಚೆಯನ್ನು ಕೇರಳದ ಶಿಕ್ಷಣ ಸಚಿವರೇ 2025ರಲ್ಲಿ ಎತ್ತಿದ್ದರು.

ಆಟಿ ತಿಂಗಳು ಹಿಂದೆ ಹಸಿವಿನ ತಿಂಗಳಾಗಿತ್ತು. ಗದ್ದೆಯಲ್ಲಿ ನೇಜಿ ನೆಟ್ಟಾಗಿದೆ, ಕಣಜ ಬರಿದಾಗಿದೆ, ಕಡಲಿಗೆ ದೋಣಿ ಇಳಿಯುವಂತಿಲ್ಲ. ಬೇಸಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಹಲಸಿನ ಬೀಜ, ತಾನಾಗಿ ಬೆಳೆದ ತಜಂಕ್ ಸೊಪ್ಪು, ಅಮಾವಾಸ್ಯೆಗೆ ಪಾಲೆಮರದ ಕಷಾಯ. ಇಂದು ಸಭಾಭವನಗಳಲ್ಲಿ 'ಆಟಿಡೊಂಜಿ ದಿನ' ಆಚರಿಸಿ ಇಪ್ಪತ್ತು ಬಗೆಯ ಖಾದ್ಯ ಬಡಿಸುತ್ತಾರೆ. ತಪ್ಪೆನ್ನುವುದಿಲ್ಲ. ಆದರೆ ಅದು ಹೊಟ್ಟೆ ತುಂಬದ ದಿನಗಳ ಊಟ ಎಂದು ಮಕ್ಕಳಿಗೆ ಯಾರಾದರೂ ಹೇಳಬೇಕಲ್ಲ.

ಇಷ್ಟು ಮಳೆ ಬರುವ ಊರಲ್ಲಿ ಏಪ್ರಿಲ್‌ಗೆ ಬಾವಿ ಬತ್ತುವುದೇಕೆ? ಇದರ ಉತ್ತರ ನಮ್ಮ ಕಾಲಡಿಯಲ್ಲೇ ಇದೆ. ಫ್ರಾನ್ಸಿಸ್ ಬುಕಾನನ್ ಎಂಬ ಅಧಿಕಾರಿ 1800-01ರಲ್ಲಿ ಮೈಸೂರು, ಮಲಬಾರ್, ಕೆನರಾಗಳನ್ನು ಸುತ್ತಿದ. ಮಲಬಾರಿನ ಅಂಗಾಡಿಪುರದ ಬಳಿ, ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕೆಂಪು ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ 'ಲ್ಯಾಟರೈಟ್' ಎಂದು ಕರೆದ. 1807ರಲ್ಲಿ ಅಚ್ಚಾದ ಅವನ ಪುಸ್ತಕದಿಂದ ಆ ಹೆಸರು ಜಗತ್ತಿಗೆಲ್ಲ ಹೋಯಿತು. ನಮ್ಮ ಮುರಕಲ್ಲು ಅದೇ. ಲಕ್ಷಾಂತರ ವರ್ಷಗಳ ಬಿಸಿಲು-ಮಳೆ ಬಂಡೆಯ ಸಾರವನ್ನೆಲ್ಲ ತೊಳೆದು ಕಬ್ಬಿಣ, ಅಲ್ಯೂಮಿನಿಯಂ ಅಂಶವನ್ನಷ್ಟೇ ಉಳಿಸಿದ್ದರಿಂದ ಆದ ಕಲ್ಲು. ಅದರ ತುಂಬ ತೂತು. ನೀರು ಇಳಿದ ಹಾಗೆಯೇ ಹರಿದೂ ಹೋಗುತ್ತದೆ. ಜೊತೆಗೆ ನಮ್ಮ ಹೊಳೆಗಳೆಲ್ಲ ಗಿಡ್ಡ. ಕೊಡಗಿನ ಬೆಟ್ಟದಿಂದ ಬರುವ ಪಯಸ್ವಿನಿ, ಅಂದರೆ ಚಂದ್ರಗಿರಿ ಹೊಳೆಯೂ ನೂರು ಕಿ.ಮೀ. ಚಿಲ್ಲರೆ ಉದ್ದ ಮಾತ್ರ.

ಈ ತೊಡಕಿಗೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಸುರಂಗ. ಬಾಯಾರು, ಎಣ್ಮಕಜೆ, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಈಗಲೂ ಸುರಂಗಗಳಿವೆ. ಗುಡ್ಡದ ಬದಿಯಲ್ಲಿ ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ, ಅಡ್ಡಲಾಗಿ, ಒಸರು ಸಿಗುವವರೆಗೆ ಪಿಕ್ಕಾಸಿನಿಂದ ಕೊರೆಯುವುದು. ಒಳಗೆ ಉಸಿರಾಡಲು ಗಾಳಿ ಇದೆಯೇ ಎಂದು ನೋಡುವುದು ದೀಪದಿಂದ. ದೀಪ ಆರಿದರೆ ಹೊರಗೆ ಬಾ ಎಂದರ್ಥ. ನೀರು ಅಡಿಕೆ ಮರದ ದಂಬೆಯಲ್ಲಿ ತಾನಾಗಿ ಹರಿದು ತೋಟಕ್ಕೆ ಬರುತ್ತದೆ. ಪಂಪೂ ಬೇಡ, ಕರೆಂಟೂ ಬೇಡ. ಗಡಿಯಾಚೆ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ, ಒಂದರ ಹಿಂದೊಂದು ಸುರಂಗ ವಿಫಲವಾದರೂ ಬಿಡದೆ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಡ್ಡದ ಮೇಲೆ ಮಳೆನೀರು ಇಂಗಿಸುವ ಮದಕ, ತೋಡಿಗೆ ಮಳೆಗಾಲದ ಬಳಿಕ ಹಾಕುವ ಕಟ್ಟ, ಇವೂ ಇದೇ ಲೆಕ್ಕದವು. ಕೊಳವೆಬಾವಿ ಬಂದ ಮೇಲೆ ಕಟ್ಟ ಹಾಕುವವರು ಕಡಿಮೆಯಾದರು. ಕೊಳವೆಬಾವಿಯ ನೀರು ಕೆಳಗಿಳಿದ ಮೇಲೆ ಕೆಲವೆಡೆ ಮತ್ತೆ ಶುರು ಮಾಡಿದ್ದಾರೆ.

ಅಳತೆಯ ಚರಿತ್ರೆ ಚಿಕ್ಕದು. ಭಾರತದ ಹವಾಮಾನ ಇಲಾಖೆ ಆರಂಭವಾದದ್ದು 1875ರಲ್ಲಿ. ಕೇರಳಕ್ಕೆ ಮಳೆಗಾಲ ಕಾಲಿಟ್ಟ ದಿನಗಳ ದಾಖಲೆ ನೋಡಿದರೆ 1918ರಲ್ಲಿ ಮೇ 11ಕ್ಕೇ ಬಂದಿತ್ತು, 1972ರಲ್ಲಿ ಜೂನ್ 18ರವರೆಗೆ ಕಾಯಿಸಿತ್ತು. 2023ರಲ್ಲಿ ಜೂನ್ 8, 2025ರಲ್ಲಿ ಮೇ 24. ಅಂದರೆ ಮಳೆ ಹಿಂದೆ ಗಡಿಯಾರದಂತೆ ಬರುತ್ತಿತ್ತು, ಈಗ ಕೆಟ್ಟಿದೆ ಎಂಬ ಮಾತು ಪೂರ್ತಿ ಸರಿಯಲ್ಲ. ಕೊಲ್ಲಂ ವರ್ಷ 1099ರಲ್ಲಿ, ಅಂದರೆ 1924ರ ಜುಲೈಯಲ್ಲಿ ಬಂದ 'ತೊಂಬತ್ತೊಂಬತ್ತರ ಪ್ರವಾಹ' ಮುನ್ನಾರಿನ ರೈಲುದಾರಿಯನ್ನೇ ಕೊಚ್ಚಿಕೊಂಡು ಹೋಯಿತು. ಅದಕ್ಕೂ ಹಿಂದಿನ ವರ್ಷ, 1923ರಲ್ಲಿ, ನೇತ್ರಾವತಿಯ 'ಮಾರಿ ಬೊಳ್ಳ'. ಆಗ ಕಾಸರಗೋಡು, ಬಂಟ್ವಾಳ ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಬದಲಾಗಿರುವುದು ಬೇರೆ: ಕಡಲು ಬಿಸಿಯಾಗಿದೆ, ಕಡಿಮೆ ಹೊತ್ತಿನಲ್ಲಿ ಸುರಿಯುವ ಭಾರೀ ಮಳೆ ಹೆಚ್ಚಾಗಿದೆ.

1956ರ ನವೆಂಬರ್ 1ರ ನಂತರ ನಮ್ಮ ಮುನ್ಸೂಚನೆ ತಿರುವನಂತಪುರದಿಂದ, ತಲಪಾಡಿಯಾಚೆಯದು ಬೆಂಗಳೂರಿನಿಂದ. ಅಲ್ಲಿ ರಜೆ, ಇಲ್ಲಿ ಶಾಲೆ, ಮೋಡ ಮಾತ್ರ ಒಂದೇ. ಫೋನಿಗೆ ಬಂದ ಮಲಯಾಳದ ಎಚ್ಚರಿಕೆಯನ್ನು ಮಗುವಿನ ಕೈಗೆ ಕೊಟ್ಟು "ಓದು, ಏನಂತೆ?" ಎಂದು ಕೇಳುವ ಅಮ್ಮಂದಿರು ನಮ್ಮ ಶಾಲೆಯ ಸುತ್ತ ಎಷ್ಟೋ ಮಂದಿ ಇದ್ದಾರೆ. ಹೊಳೆ ಬದಿಯ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ನಮ್ಮ ತರಗತಿಯಲ್ಲಿ ಈಗ ಮಳೆಯ ಪುಸ್ತಕವೊಂದಿದೆ. ಅಂಗಳದಲ್ಲಿಟ್ಟ ಅಳತೆಯ ಜಾಡಿ ನೋಡಿ ಬರೆಯುವುದು ಮಕ್ಕಳ ಸರದಿ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಆ ಲೆಕ್ಕದಲ್ಲಿ ನೂರು ಚದರ ಮೀಟರಿನ ಶಾಲೆ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಎಂದು ಅವರೇ ಗುಣಿಸಿ ಬೆರಗಾದರು. ದಿನಾಂಕ, ಮಿ.ಮೀ., ತುಳು ತಿಂಗಳು, ಮಲಯಾಳ ತಿಂಗಳು, ಮಳೆ ನಕ್ಷತ್ರ ಎಂದು ಐದು ಕಾಲಂ. ಕೊನೆಯದನ್ನು ತುಂಬಲು ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ಬರಬೇಕು.