ಶುಗರ್ ಫ್ರೀ ವೈನ್: ಸಕ್ಕರೆ ಎಲ್ಲಿ ಹೋಯ್ತು?

ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಇಯರ್‌ಫೋನ್ ಹಾಕ್ಕೊಂಡು ಹೊಂಟವರಿಗೂ, ಬ್ಯಾಡಗಿ ಮಾರ್ಕೆಟ್‌ನಲ್ಲಿ ಚೀಲದ ಮೇಲೆ ಕುಂತು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಒಂದು ವೈನ್. ಒಂದೇ ತಳಿಯ ಕೆಂಪು ದ್ರಾಕ್ಷಿಯಿಂದ ಮಾಡಿದ್ದು, ನೊರೆ ಉಕ್ಕುವಂಥದ್ದು, ಸಕ್ಕರೆ ಸೇರಿಸದೇ ಇರುವಂಥದ್ದು. ಬಾಟಲಿ ಮೇಲೆ ‘ಬ್ರೂಟ್ ನೇಚರ್’ ಅಂತ ಬರೆದಿರ್ತಾರೆ. ಮೆಣಸಿನಕಾಯಿ ಸೀಮೆಯ ನಮಗೆ ಇದ್ಯಾಕೆ ಅಂದ್ರಾ? ತಡೀರಿ, ಮೆಣಸಿನಕಾಯಿಯಿಂದಲೇ ಶುರು ಮಾಡೋಣ.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ಈ ಕಾಯಿಯ ಸಿಪ್ಪೆಯಿಂದ ಓಲಿಯೋರೆಸಿನ್ ಅನ್ನೋ ಕೆಂಪು ಸಾರ ತೆಗೀತಾರೆ. ಅಂದ್ರೆ ಬಣ್ಣ ಇರೋದು ಸಿಪ್ಪೆಯಲ್ಲಿ. ದ್ರಾಕ್ಷಿಯದ್ದೂ ಅದೇ ಕಥೆ. ಪಿನೋ ನ್ವಾರ್ ಅನ್ನೋ ಕಪ್ಪುಗೆಂಪು ದ್ರಾಕ್ಷಿಯನ್ನು ಮೆಲ್ಲಗೆ ಹಿಂಡಿ, ಸಿಪ್ಪೆಯನ್ನು ಬೇಗ ಬೇರೆ ಮಾಡಿದರೆ ರಸ ಹೆಚ್ಚುಕಮ್ಮಿ ಬಿಳಿಯಾಗೇ ಬರುತ್ತೆ. ಸಿಪ್ಪೆಯ ಜೊತೆ ಕೆಲವು ಗಂಟೆ ಬಿಟ್ಟರೆ ಗುಲಾಬಿ. ಓಲಿಯೋರೆಸಿನ್ ಮಾಡೋರು ಸಿಪ್ಪೆಯ ಬಣ್ಣಕ್ಕೆ ದುಡ್ಡು ಕೊಡ್ತಾರೆ. ಈ ಬಿಳಿ ವೈನ್ ಮಾಡೋರು ಅದೇ ಬಣ್ಣ ತಾಗದ ಹಾಗೆ ಕಾಯ್ತಾರೆ.

ಇನ್ನು ನೊರೆ. ಮೊದಲು ಸಾದಾ ವೈನ್ ಮಾಡ್ತಾರೆ. ಅದನ್ನು ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ ಮುಚ್ಚಳ ಬಿಗೀತಾರೆ. ಯೀಸ್ಟ್ ಆ ಸಕ್ಕರೆ ತಿಂದು ಗಾಳಿ ಬಿಡುತ್ತೆ. ಹೊರಗೆ ಹೋಗೋಕೆ ದಾರಿ ಇಲ್ಲದೆ ಅದು ವೈನಿನಲ್ಲೇ ಕರಗುತ್ತೆ. ಒಳಗಿನ ಒತ್ತಡ 6 ವಾತಾವರಣದವರೆಗೂ ಹೋಗುತ್ತೆ. ಆಮೇಲೆ ಸತ್ತ ಯೀಸ್ಟನ್ನು ಹೊರಗೆ ಹಾಕ್ತಾರೆ. ಆಗ ಖಾಲಿಯಾದ ಜಾಗಕ್ಕೆ ಸಕ್ಕರೆ ಬೆರೆಸಿದ ವೈನ್ ತುಂಬೋದು ವಾಡಿಕೆ. ಈ ಕೊನೆಯ ಸಕ್ಕರೆ ಹಾಕದೇ ಇದ್ದು, ಉಳಿದ ಸಕ್ಕರೆ ಲೀಟರಿಗೆ 3 ಗ್ರಾಂಗಿಂತ ಕಡಿಮೆ ಇದ್ದರೆ ಅದು ಬ್ರೂಟ್ ನೇಚರ್.

ಹಿಂದೆ ಹೀಗಿರಲಿಲ್ಲ. 19ನೇ ಶತಮಾನದಲ್ಲಿ ರಷ್ಯಾಕ್ಕೆ ಹೋಗ್ತಿದ್ದ ಶಾಂಪೇನ್‌ನಲ್ಲಿ ಲೀಟರಿಗೆ 200 ಗ್ರಾಂಗಿಂತ ಹೆಚ್ಚು ಸಕ್ಕರೆ ಇರ್ತಿತ್ತು. ಇವತ್ತಿನ ಕೋಲಾದಲ್ಲಿ ಇರೋದು ಸುಮಾರು 106 ಗ್ರಾಂ. ಹುಳಿ ದ್ರಾಕ್ಷಿ, ಕಾಯಿ ದ್ರಾಕ್ಷಿ, ಕೆಟ್ಟ ವರ್ಷದ ಫಸಲು, ಎಲ್ಲವನ್ನೂ ಆ ಸಿಹಿ ಮುಚ್ಚಿ ಹಾಕ್ತಿತ್ತು. ಇಂಗ್ಲೆಂಡಿನವರಿಗೆ ಮಾತ್ರ ಸಪ್ಪೆ ಬೇಕಿತ್ತು. ಅವರಿಗಾಗಿ ಲೂಯಿಸ್ ಪೊಮೆರಿ ಅನ್ನೋ ವಿಧವೆ 1874ರ ಫಸಲಿನಿಂದ ಸಿಹಿ ತೀರಾ ಕಡಿಮೆ ಇರೋ ಶಾಂಪೇನ್ ಮಾಡಿದಳು. 1889ರಲ್ಲಿ ಇನ್ನೊಬ್ಬ ವಿಧವೆ ನಡೆಸ್ತಿದ್ದ ಲೊರಾಂ-ಪೆರಿಯೆ ಸಂಸ್ಥೆ ‘ಸಕ್ಕರೆ ಇಲ್ಲದ ವೈನ್’ ಅಂತ ಹೆಸರಿಟ್ಟೇ ಮಾರಿತು. ಕಾಲ ಕಳೆದಂತೆ ಅದು ಮರೆಯಾಯ್ತು. 1981ರಲ್ಲಿ ಅದೇ ಸಂಸ್ಥೆ ‘ಅಲ್ಟ್ರಾ ಬ್ರೂಟ್’ ಅಂತ ಮತ್ತೆ ತಂತು. ಗಮನಿಸಿ, ಇಲ್ಲಿ ‘ಸಕ್ಕರೆ ಇಲ್ಲ’ ಅನ್ನೋದು ರುಚಿಯ ಮಾತು, ಆರೋಗ್ಯದ ಮಾತಲ್ಲ.

ಇದನ್ನು ಒತ್ತಿ ಹೇಳೋಕೆ ಕಾರಣ ಐತಿ. ಶುಗರ್ ಇರೋ ನಮ್ಮ ಸೋದರಮಾವ ಒಮ್ಮೆ ಕೇಳಿದ್ರು: “ತಮ್ಮಾ, ಶುಗರ್ ಫ್ರೀ ವೈನ್ ಬಂದೈತಂತಲ್ಲ, ನನಗ ನಡೀತೈತೇನು?” ನಾನು ಕೇಳಿದೆ: “ಮಾಮಾ, ದ್ರಾಕ್ಷ್ಯಾಗಿನ ಸಕ್ಕರಿ ಎಲ್ಲಿ ಹೋತು?” ಒಂದು ಲೀಟರ್ ರಸದಲ್ಲಿ 170 ಗ್ರಾಂ ಆಸುಪಾಸು ಸಕ್ಕರೆ ಇರುತ್ತೆ. ಅದು ಮಾಯ ಆಗಿಲ್ಲ, ಆಲ್ಕೋಹಾಲ್ ಆಗಿದೆ. ಶೇ. 12ರ ವೈನ್ 150 ಮಿ.ಲೀ. ಕುಡಿದರೆ ಸುಮಾರು 14 ಗ್ರಾಂ ಶುದ್ಧ ಆಲ್ಕೋಹಾಲ್, ಅದರಿಂದಲೇ 100 ಕ್ಯಾಲೊರಿ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತಗೊಳ್ಳೋರಿಗೆ ಆಲ್ಕೋಹಾಲ್‌ನಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳೀಬಹುದು.

ಈಗ ಕರ್ನಾಟಕಕ್ಕೆ ಬರೋಣ. ಶಾಂಪೇನ್ ಸೀಮೆಯಲ್ಲಿ ಬೂಜಿ ಅಂತ ಒಂದು ಹಳ್ಳಿ, ಪಿನೋ ನ್ವಾರ್‌ಗೆ ಹೆಸರುವಾಸಿ. ಆ ಊರಿನ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ಕನ್ವಲ್ ಗ್ರೋವರ್ 1988ರಲ್ಲಿ ನಂದಿ ಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ವೈನ್ ದ್ರಾಕ್ಷಿಯ ತೋಟ ಕಟ್ಟಿದರು. ಸುತ್ತಲಿನ ರೈತರು ಬೆಳೀತಿದ್ದದ್ದು ಬೆಂಗಳೂರು ಬ್ಲೂ. ಅದು ಜ್ಯೂಸಿಗೂ, ಅಗ್ಗದ ಸಿಹಿ ವೈನಿಗೂ ಹೋಗುತ್ತೆ. ಸಕ್ಕರೆ ಬಿಟ್ಟು ಮಾಡ್ತೀವಿ ಅಂದರೆ ದ್ರಾಕ್ಷಿಯೇ ಬೇರೆ ಬೇಕು. ಬಿಸಿಲಿಗೆ ಹುಳಿ ಇಳಿಯೋ ಮುಂಚೆ ಕೊಯ್ಯಬೇಕು. ಮುಚ್ಚಿಡೋಕೆ ಏನೂ ಇಲ್ಲದಿದ್ದಾಗ ರೈತನ ಕೆಲಸವೇ ನಾಲಿಗೆಗೆ ಬರುತ್ತೆ.

ಕೊನೆಗೆ ನಮ್ಮೂರು. 1930ರಲ್ಲಿ ಗಾಂಧೀಜಿ ಬ್ರಿಟಿಷರ ಮುಂದಿಟ್ಟ 11 ಬೇಡಿಕೆಗಳಲ್ಲಿ ಪಾನನಿಷೇಧವೂ ಇತ್ತು. ಅದೇ ವರ್ಷ ಅವರ ಜೊತೆ ದಂಡಿಗೆ ನಡೆದವರಲ್ಲಿ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಒಬ್ಬರು. ಆಗ ಈ ಮೂರೂ ಊರು ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಆಡಳಿತದಲ್ಲಿದ್ದವು. ಹಾಗಾಗಿ 1949ರ ಮುಂಬಯಿ ಪಾನನಿಷೇಧ ಕಾಯ್ದೆ ನಮಗೂ ಬಂತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ ಸೇರಿದೆವು. ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯ್ತು. ಅದೇ 2007ರ ಹೆಸರಿನಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಕೂಲಿಯವರ ಪ್ಯಾಕೆಟ್ ಪಿಡುಗು ಅನಿಸಿಕೊಂಡಿತು, ವೈನ್ ರೈತನ ಉತ್ಪನ್ನ ಅನಿಸಿಕೊಂಡಿತು. ಸಾರಾಯಿ ಹಾಳು ಮಾಡಿದ ಮನೆಗಳನ್ನು ಕಂಡವರು ಆ ನಿಷೇಧವನ್ನು ತಪ್ಪು ಅನ್ನಲಾರರು. ದ್ರಾಕ್ಷಿ ಬೆಳೆಗಾರನಿಗೆ ಇನ್ನೊಂದು ಗಿರಾಕಿ ಸಿಕ್ಕಿದ್ದೂ ತಪ್ಪಲ್ಲ. ಆದರೆ ಒಳಗಿರೋ ಆಲ್ಕೋಹಾಲ್ ಎರಡರಲ್ಲೂ ಒಂದೇ. ಲೇಬಲ್ ಮೇಲಿನ ಹೆಸರು ಯಕೃತ್ತಿಗೆ ಗೊತ್ತಾಗಲ್ಲ.

ಹಂಗಾಗಿ ಮುಂದಿನ ಸಲ ಯಾವುದೇ ಬಾಟಲಿಯ ಮೇಲೆ ‘ಇಲ್ಲ’ ಅಂತ ಬರೆದಿದ್ದು ಕಂಡರೆ, ಒಳಗೆ ‘ಏನಿದೆ’ ಅಂತಲೂ ಓದಿ. ಮನೆಯಲ್ಲಿ ಶುಗರ್ ಇರೋರಿಗೆ ಈ ಕಂತು ಕಳಿಸಿ. ಮತ್ತೆ ಸಿಗೋಣ.