ಮುಳುಗಿದ ರಂಧ್ರದಲ್ಲಿ ಅನಿಲಗುಳ್ಳೆಯ ರಚನೆ

ದ್ರವದಲ್ಲಿ ಮುಳುಗಿರುವ ಸಣ್ಣ ರಂಧ್ರದಿಂದ ಹೊರಬರುವ ಅನಿಲ ಎಷ್ಟು ದೊಡ್ಡ ಗುಳ್ಳೆಯಾಗಿ ಕಳಚಿಕೊಳ್ಳುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಲು ನೆರವಾಗುವ ಗಣಿತ ಮಾದರಿಗಳು ರಾಸಾಯನಿಕ ಎಂಜಿನಿಯರಿಂಗ್‌ಗೆ ಸೇರಿದವು. ಕೊಳಚೆ ನೀರು ಶುದ್ಧೀಕರಿಸುವ ತೊಟ್ಟಿಯಲ್ಲಾಗಲಿ, ಬಟ್ಟಿ ಇಳಿಸುವ ಗೋಪುರದ ಜರಡಿ ತಟ್ಟೆಯಲ್ಲಾಗಲಿ ಈ ಗಾತ್ರಕ್ಕೆ ಬಹಳ ಬೆಲೆಯಿದೆ. ಅಷ್ಟೇ ಅನಿಲವನ್ನು ಅರ್ಧ ವ್ಯಾಸದ ಗುಳ್ಳೆಗಳಾಗಿಸಿದರೆ ದ್ರವಕ್ಕೆ ಸೋಕುವ ಮೇಲ್ಮೈ ಇಮ್ಮಡಿಯಾಗುತ್ತದೆ.

ಅನಿಲ ತೀರ ನಿಧಾನವಾಗಿ ಬರುವಾಗ ಲೆಕ್ಕ ಸರಳ. ತೇಲುಬಲ ಗುಳ್ಳೆಯನ್ನು ಮೇಲೆತ್ತುತ್ತದೆ, ಮೇಲ್ಮೈ ಎಳೆತ ಅದನ್ನು ರಂಧ್ರದ ಅಂಚಿಗೆ ಹಿಡಿದಿಡುತ್ತದೆ. ಎರಡೂ ಸಮವಾದಾಗ, ನೀರಿನಲ್ಲಿ 1 ಮಿ.ಮೀ. ರಂಧ್ರದಿಂದ ಸುಮಾರು 3.5 ಮಿ.ಮೀ. ವ್ಯಾಸದ ಗುಳ್ಳೆ ಏಳುತ್ತದೆ. ತಟ್ಟೆ ಚೆನ್ನಾಗಿ ಒದ್ದೆಯಾಗದ ವಸ್ತುವಿನದಾದರೆ ಗುಳ್ಳೆಯ ಬುಡ ಅಂಚನ್ನು ದಾಟಿ ಹರಡಿಕೊಂಡು ಈ ಲೆಕ್ಕ ತಪ್ಪುತ್ತದೆ.

ಹರಿವು ಹೆಚ್ಚಿದಂತೆ ದ್ರವದ ಜಡತ್ವ ಮುಂದೆ ಬರುತ್ತದೆ. ಗುಳ್ಳೆಗೆ ತೂಕ ಇಲ್ಲವೆನ್ನುವಷ್ಟು ಕಡಿಮೆಯಿದ್ದರೂ ಸುತ್ತಲಿನ ದ್ರವವನ್ನು ತಳ್ಳದೆ ಅದು ಬೆಳೆಯಲಾರದು. ಅದು ಸ್ಥಳಾಂತರಿಸಿದ ದ್ರವದ ದ್ರವ್ಯರಾಶಿಯ 11/16 ಭಾಗವನ್ನು ಅದರ ಜೊತೆಗೇ ಚಲಿಸುವಂತೆ ಎಣಿಸುವುದು ರೂಢಿ. 1960ರಲ್ಲಿ ಡೇವಿಡ್‌ಸನ್ ಮತ್ತು ಶೂಲರ್ ಬೆಳೆಯುತ್ತಲೇ ಮೇಲೇರುವ ಒಂದೇ ಹಂತದ ಗುಳ್ಳೆಯನ್ನು ಕಲ್ಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರ್. ಕುಮಾರ್ ಮತ್ತು ಎನ್. ಆರ್. ಕೂಲೂರ್ ಇದನ್ನು ಎರಡು ಹಂತಗಳಾಗಿ ಬಿಡಿಸಿದರು. ಈ ವಿಷಯದ ಅವರ ವಿಸ್ತೃತ ಸಮೀಕ್ಷೆ 1970ರಲ್ಲಿ ಪ್ರಕಟವಾಯಿತು. ಮೊದಲು ಗುಳ್ಳೆ ರಂಧ್ರದ ಮೇಲೆಯೇ ಕೂತು ಹಿಗ್ಗುತ್ತದೆ. ತೇಲುಬಲವು ಸ್ನಿಗ್ಧತೆ, ಜಡತ್ವ, ಮೇಲ್ಮೈ ಎಳೆತ ಮೂರರ ತಡೆಯನ್ನೂ ಸರಿಗಟ್ಟಿದಾಗ ಅದು ಮೇಲೇಳುತ್ತದೆ, ಆದರೆ ಸಣ್ಣ ಕತ್ತಿನ ಮೂಲಕ ಅನಿಲ ತುಂಬುತ್ತಲೇ ಇರುತ್ತದೆ. ಮೊದಲ ಹಂತದ ತ್ರಿಜ್ಯದಷ್ಟು ದೂರ ಬುಡ ಏರಿದಾಗ ಕತ್ತು ಹರಿಯುತ್ತದೆ ಎಂಬುದು ಅವರ ಊಹೆ. ಈ ಮಾದರಿಯ ಬಲವೂ ದೌರ್ಬಲ್ಯವೂ ಈ ಊಹೆಯಲ್ಲೇ ಇವೆ: ಕತ್ತು ಹರಿಯುವ ಕ್ಷಣವನ್ನು ಸಮೀಕರಣ ತಾನಾಗಿ ಹೇಳದು, ನಾವೇ ನಿಗದಿಪಡಿಸಬೇಕು.

ಸ್ನಿಗ್ಧತೆಯನ್ನೂ ಮೇಲ್ಮೈ ಎಳೆತವನ್ನೂ ಬಿಟ್ಟರೆ ಈ ಮಾದರಿಯಲ್ಲಿ ಗುಳ್ಳೆಯ ಘನಗಾತ್ರ 0.976 × (ಹರಿವು)^1.2 ÷ (ಗುರುತ್ವ ವೇಗೋತ್ಕರ್ಷ)^0.6. ಸೆಕೆಂಡಿಗೆ 10 ಮಿ.ಲೀ. ಗಾಳಿಗೆ ಇದು ಸುಮಾರು 0.25 ಮಿ.ಲೀ. ರಂಧ್ರದ ವ್ಯಾಸ ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಡೇವಿಡ್‌ಸನ್–ಶೂಲರ್ ಸೂತ್ರವೂ ಇದೇ ರೂಪದ್ದು, ಗುಣಾಂಕ ಮಾತ್ರ 1.378.

1993ರಲ್ಲಿ ಒಗೂಸ್ ಮತ್ತು ಪ್ರಾಸ್ಪೆರೆಟ್ಟಿ ಗುಳ್ಳೆಯ ಆಕಾರವನ್ನೇ ಕಂಪ್ಯೂಟರಿನಲ್ಲಿ ಕ್ಷಣಕ್ಷಣವೂ ಬಿಡಿಸಿದರು. ಹಿಂದಿನ ಮಾದರಿಗಳಂತೆ ಗುಳ್ಳೆಯನ್ನು ಗೋಳವೆಂದು ಕಲ್ಪಿಸುವುದು ಅಲ್ಲಿ ಬೇಕಾಗುವುದಿಲ್ಲ.

ಮೇಲಿನ ಎರಡೂ ಸೂತ್ರಗಳು ಹರಿವು ಸ್ಥಿರವೆಂದು ಭಾವಿಸುತ್ತವೆ. ರಂಧ್ರದ ಕೆಳಗೆ ದೊಡ್ಡ ಅನಿಲಕೋಣೆಯಿದ್ದರೆ ಹಾಗಾಗದು. ಗುಳ್ಳೆ ಹಿಗ್ಗಿದಂತೆ ಅದರೊಳಗಿನ ಒತ್ತಡ ಇಳಿದು, ಕೋಣೆಯಲ್ಲಿ ಕೂಡಿದ ಅನಿಲ ಒಮ್ಮೆಲೇ ನುಗ್ಗುತ್ತದೆ. ಒಂದೇ ಕೋಣೆಯನ್ನು ನೂರಾರು ರಂಧ್ರಗಳು ಹಂಚಿಕೊಳ್ಳುವ ಜರಡಿ ತಟ್ಟೆಯಲ್ಲಿ ಕೆಲವು ರಂಧ್ರಗಳು ಗುಳ್ಳೆ ಬಿಡುವಾಗ ಉಳಿದವುಗಳಿಂದ ದ್ರವ ಕೆಳಕ್ಕೆ ಸೋರಲೂಬಹುದು.